ಮಿಡಿ ಸೀಕ್ವೆನ್ಸರ್: ಟ್ರ್ಯಾಕ್ ಮತ್ತು ಲೂಪ್

ಯಾವ ಸ್ವರ, ಎಷ್ಟು ಹೊತ್ತಿಗೆ, ಎಷ್ಟು ಒತ್ತಿನಿಂದ ನುಡಿಯಬೇಕೆಂಬ ಸೂಚನೆಗಳನ್ನು ಮಿಡಿ ಎಂಬ ಮಾನಕದ ಪ್ರಕಾರ ಟ್ರ್ಯಾಕುಗಳಲ್ಲಿ ಜೋಡಿಸಿ ವಾದ್ಯಗಳಿಗೆ ಕಳುಹಿಸುವ ಸಾಧನ. ಮಿಡಿ ಕಡತದಲ್ಲಿ ನಾದವಿರುವುದಿಲ್ಲ, ಆದೇಶವಷ್ಟೇ ಇರುತ್ತದೆ. ಇದನ್ನು ಧ್ವನಿಮುದ್ರಣವೆಂದು ತಿಳಿಯುವುದು ಸಾಮಾನ್ಯವಾದ ಗೊಂದಲ.

ಮಿಡಿಯ ಹುಟ್ಟು 1981, 1982, 1983 ಎಂದು ಬೇರೆಬೇರೆಯಾಗಿ ದಾಖಲಾಗಿದೆ. ಮೂರಕ್ಕೂ ಆಧಾರವುಂಟು. ಸಿಂಥಸೈಜರ್ ತಯಾರಕ ಡೇವ್ ಸ್ಮಿತ್ 1981ರಲ್ಲಿ ಮಂಡಿಸಿದ್ದು ಅದರ ಪೂರ್ವರೂಪ. 1982ರ ಕೊನೆಗೆ ಮಿಡಿ ಹೊತ್ತ ಪ್ರಾಫೆಟ್-600 ಸಿಂಥಸೈಜರ್ ಮಾರುಕಟ್ಟೆಗೆ ಬಂತು. 1983ರ ಜನವರಿಯಲ್ಲಿ ಅದನ್ನು ರೋಲೆಂಡ್ ಕಂಪನಿಯ ಜುಪಿಟರ್-6ಕ್ಕೆ ಜೋಡಿಸಿ ಸಾರ್ವಜನಿಕವಾಗಿ ತೋರಿಸಲಾಯಿತು. ಆದರೆ ಟ್ರ್ಯಾಕ್ ಜೋಡಣೆಯ ಮಟ್ಟಿಗೆ ನಿಜವಾದ ತಿರುವು 1988. ಆ ವರ್ಷ ಗೊತ್ತಾದ ಕಡತ ಮಾನಕದಿಂದಾಗಿ ಒಂದು ತಂತ್ರಾಂಶದಲ್ಲಿ ಕಟ್ಟಿದ ಟ್ರ್ಯಾಕುಗಳನ್ನು ಇನ್ನೊಂದರಲ್ಲಿ ತೆರೆಯುವುದು ಸಾಧ್ಯವಾಯಿತು.

ಚಿತ್ರಮಯ ಪರದೆಗಳು ಬಂದಮೇಲೂ ಆದೇಶ ಟೈಪಿಸಿ ನಡೆಸುವ ಸೀಕ್ವೆನ್ಸರುಗಳು ಉಳಿದವು. ಅಲೆಕ್ಸಾಂಡ್ರ್ ರಾಚೊವ್ ಬರೆದ, ಓಪನ್‌ಬಿಎಸ್‌ಡಿ ಮತ್ತು ಲಿನಕ್ಸಿನಲ್ಲಿ ಓಡುವ ಮಿಡಿಶ್ ಇವುಗಳಲ್ಲೊಂದು. ಇಷ್ಟನೆಯ ಅಳತೆಗೆ (ಮೆಶರ್) ಹೋಗು, ಅಲ್ಲಿಂದ ಇಷ್ಟು ಅಳತೆಗಳನ್ನು ಆರಿಸು, ನಕಲಿಸು, ಅಂಟಿಸು ಎಂದು ಒಂದೊಂದೇ ಸಾಲು ಬರೆಯಬೇಕು. ಲೂಪ್ ಎಂದರೆ ಆರಿಸಿದ ಭಾಗ ನಿಲ್ಲಿಸುವವರೆಗೂ ಮರುಕಳಿಸುತ್ತದೆ. ತೊಡಕಿರುವುದು ಕತ್ತರಿ ಬೀಳುವ ಜಾಗದಲ್ಲಿ. ಸ್ವರದ ಆರಂಭವೊಂದು ಒಳಗೆ, ಅಂತ್ಯ ಹೊರಗೆ ಉಳಿದರೆ ಆ ಸ್ವರ ಎಳೆದುಕೊಂಡೇ ಇರುತ್ತದೆ. ಮಿಡಿಶ್ ಆರಂಭ ಮತ್ತು ಅಂತ್ಯವನ್ನು ಒಂದೇ ಗಂಟಾಗಿ ಕಾಣುವುದರಿಂದ ಇಂಥ ಅನಾಥ ಸ್ವರಗಳು ಉಳಿಯುವುದು ವಿರಳ.

ಹೀಗೆ ಟ್ರ್ಯಾಕ್ ಜೋಡಿಸುವ ಕಸುಬಿಗೆ ಕುಂದಾಪುರ ಸೀಮೆಯಲ್ಲಿ ಹೆಸರು ತಂದವರು ಬಸ್ರೂರಿನ ರವಿ ಬಸ್ರೂರು. ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡುತ್ತಿದ್ದ ಅವರು ‘ಉಗ್ರಂ’ (2014) ಚಿತ್ರದಿಂದ ಸಂಗೀತ ನಿರ್ದೇಶಕರಾದರು. ‘ಕೆಜಿಎಫ್’ನ ಎರಡು ಭಾಗಗಳು (2018, 2022) ಅವರನ್ನು ದೇಶಕ್ಕೆ ಪರಿಚಯಿಸಿದವು. ಸ್ಟುಡಿಯೊವನ್ನು ಅವರು ಊರಿಗೇ ತಂದಿದ್ದಾರೆ. ಇಂಥ ಸ್ಟುಡಿಯೊಗಳಲ್ಲಿ ನಡೆಯುವುದು ಚಿತ್ರಮಯ ಸೀಕ್ವೆನ್ಸರ್. ತತ್ವ ಮಾತ್ರ ಅದೇ.

ಅದೇ ಸೀಮೆಯ ಬಡಗುತಿಟ್ಟಿನ ಯಕ್ಷಗಾನದ ಹಿಮ್ಮೇಳ ಲೂಪಿಗೆ ಸುಲಭವಾಗಿ ಒಗ್ಗುವುದಿಲ್ಲ. ಎಣಿಕೆ ಇದಕ್ಕೆ ಕಾರಣವಲ್ಲ: ತ್ರಿವುಡೆಯ 7, ಝಂಪೆಯ 10, ಅಷ್ಟತಾಳದ 14 ಅಕ್ಷರಗಳನ್ನು ಅಳತೆಯಾಗಿ ಬರೆದಿಡಬಹುದು. ವೇಗದ ಏರಿಳಿತವನ್ನೂ ಮೊದಲೇ ನಮೂದಿಸಬಹುದು. ಎಷ್ಟು ಸುತ್ತು ಎಂಬುದನ್ನು ಮಾತ್ರ ಮುಂಚೆ ಹೇಳಲಾಗದು. ವೇಷಧಾರಿಯ ಕುಣಿತ ನೋಡಿ, ಹಾಡುವ ಭಾಗವತರು ಪದ್ಯದ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ, ಅಥವಾ ಬಿಡ್ತಿಗೆಯ ನುಡಿಸಾಣಿಕೆಗೆ ಸನ್ನೆ ಕೊಡುತ್ತಾರೆ. ಚಂಡೆ, ಮದ್ದಳೆ ಅವರ ಕೈತಾಳವನ್ನು ಹಿಂಬಾಲಿಸುತ್ತವೆ. ಹೀಗಾಗಿ ಮಾರಣಕಟ್ಟೆ, ಮಂದಾರ್ತಿ, ಸಾಲಿಗ್ರಾಮದಂಥ ಮೇಳಗಳ ಹಿಮ್ಮೇಳದಲ್ಲಿ ವಿದ್ಯುನ್ಮಾನ ಉಪಕರಣಕ್ಕೆ ಸಿಕ್ಕಿರುವ ಕೆಲಸ ಶ್ರುತಿ ಹಿಡಿಯುವುದು. ತಾಳ ಇನ್ನೂ ಭಾಗವತರ ಕೈಯಲ್ಲೇ ಇದೆ.