ಚಿಕ್ಕಜಾಲದ ಸಂಜೆಯಾಕಾಶದಲ್ಲಿ ವೆಸ್ಟಾ: ಕ್ಷುದ್ರಗ್ರಹವನ್ನು ಗುರುತಿಸುವ ಬಗೆ

ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಕ್ಷುದ್ರಗ್ರಹಗಳ ಪೈಕಿ ಭೂಮಿಗೆ ಅತ್ಯಂತ ಪ್ರಕಾಶಮಾನವಾಗಿ ಕಾಣುವುದು ವೆಸ್ಟಾ. ಜರ್ಮನಿಯ ಓಲ್ಬರ್ಸ್ ಇದನ್ನು 1807ರ ಮಾರ್ಚ್ 29ರಂದು ಪತ್ತೆಹಚ್ಚಿದರು. ಇದರ ಸರಾಸರಿ ವ್ಯಾಸ ಸುಮಾರು 525 ಕಿ.ಮೀ. ಸಿರಿಸ್ ಇದಕ್ಕಿಂತ ಬಹಳ ದೊಡ್ಡದಾದರೂ ಅದರ ಮೇಲ್ಮೈ ಕಪ್ಪು. ವೆಸ್ಟಾದ ಮೇಲ್ಮೈ ಸೂರ್ಯನ ಬೆಳಕನ್ನು ಹೆಚ್ಚು ಪ್ರತಿಫಲಿಸುತ್ತದೆ.

ಯಾವಾಗ ನೋಡಬೇಕು?

ಸೂರ್ಯ ಮತ್ತು ವೆಸ್ಟಾಗಳ ನಡುವೆ ಭೂಮಿ ಬರುವ ಸಂದರ್ಭಕ್ಕೆ ವಿಯುತಿ ಎಂದು ಹೆಸರು. ಸುಮಾರು ಹದಿನೇಳು ತಿಂಗಳಿಗೊಮ್ಮೆ ಇದು ಒದಗುತ್ತದೆ. ಆಗ ವೆಸ್ಟಾ ಸೂರ್ಯಾಸ್ತದ ವೇಳೆಗೆ ಪೂರ್ವದಲ್ಲಿ ಉದಯಿಸುತ್ತದೆ. ನಂತರದ ವಾರಗಳಲ್ಲಿ ಸಂಜೆಯೇ ಮೇಲೇರಿರುತ್ತದೆ. ಕಾಂತಿಮಾನದ ಅಂಕ ಕಡಿಮೆಯಾದಷ್ಟೂ ಕಾಯ ಹೆಚ್ಚು ಪ್ರಕಾಶಮಾನ. ಕತ್ತಲ ಆಕಾಶದಲ್ಲಿ ಬರಿಗಣ್ಣಿನ ಮಿತಿ ಸುಮಾರು 6. ವೆಸ್ಟಾ 2018ರ ಜೂನ್‌ನಲ್ಲಿ 5.3ರಷ್ಟು, 2025ರ ಮೇ ತಿಂಗಳಲ್ಲಿ ತುಲಾ ರಾಶಿಯಲ್ಲಿ 5.7ರಷ್ಟು ಬೆಳಗಿತ್ತು.

ನಗರದ ಬೆಳಕಿನ ತೊಡಕು

ಯಲಹಂಕ ಮತ್ತು ದೇವನಹಳ್ಳಿಗಳ ನಡುವೆ, ಬಳ್ಳಾರಿ ರಸ್ತೆಯಲ್ಲಿರುವ ಚಿಕ್ಕಜಾಲಕ್ಕೆ ದಕ್ಷಿಣದಲ್ಲಿ ಬೆಂಗಳೂರಿನ ಬೆಳಕು. ಪೂರ್ವಕ್ಕೆ 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣದ ಬೆಳಕು. ಆದ್ದರಿಂದ ಇಲ್ಲಿ ಬರಿಗಣ್ಣನ್ನು ನೆಚ್ಚುವಂತಿಲ್ಲ. 10x50 ಅಳತೆಯ ಬೈನಾಕ್ಯುಲರ್ ಸಾಕು. ವೆಸ್ಟಾ ದಿಗಂತದಿಂದ ಸಾಕಷ್ಟು ಮೇಲೇರುವವರೆಗೆ ಕಾಯುವುದು, ಬೆಳದಿಂಗಳಿನ ರಾತ್ರಿಗಳನ್ನು ಬಿಡುವುದು ಮತ್ತು ರಸ್ತೆಯ ದೀಪ ಕಣ್ಣಿಗೆ ಬೀಳದ ತಾರಸಿಯನ್ನು ಆರಿಸುವುದು ಅವಶ್ಯಕ.

ಚಲನೆಯೇ ಗುರುತು

ಬೈನಾಕ್ಯುಲರ್‌ನಲ್ಲಿಯೂ ವೆಸ್ಟಾ ನಕ್ಷತ್ರದಂತೆ ಒಂದು ಚುಕ್ಕೆಯಷ್ಟೆ. ಒಂದೇ ರಾತ್ರಿ ನೋಡಿದವರಿಗೆ ಅದು ವೆಸ್ಟಾವೇ ಎಂದು ನಿಶ್ಚಯಿಸುವುದು ಕಷ್ಟ. 'ಸ್ಟೆಲೇರಿಯಂ'ನಂತಹ ಉಚಿತ ತಂತ್ರಾಂಶದಿಂದ ಸ್ಥಾನ ತಿಳಿದು, ಆ ಭಾಗದ ಚುಕ್ಕೆಗಳನ್ನೆಲ್ಲ ಕಾಗದದಲ್ಲಿ ಗುರುತಿಸಿಕೊಳ್ಳಬೇಕು. ಎರಡು ದಿನ ಬಿಟ್ಟು ಮತ್ತೆ ನೋಡಿದಾಗ ಸ್ಥಳ ಬದಲಿಸಿರುವ ಚುಕ್ಕೆಯೇ ವೆಸ್ಟಾ. ವಿಯುತಿಯ ಆಸುಪಾಸಿನಲ್ಲಿ ಅದು ದಿನಕ್ಕೆ ಸುಮಾರು ಕಾಲು ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅರ್ಧದಷ್ಟು ಅಗಲ, ನಕ್ಷತ್ರಗಳ ನಡುವೆ ಪಶ್ಚಿಮಕ್ಕೆ ಸರಿಯುತ್ತದೆ.

ಹೊಸ ಕ್ಷುದ್ರಗ್ರಹಗಳ ಶೋಧಕ್ಕೂ ಇದೇ ತತ್ವ ಆಧಾರ. ನಾರ್ಮನ್ ಪಾಗ್ಸನ್ 1861ರಲ್ಲಿ ಮದರಾಸಿನಿಂದ 'ಏಷ್ಯಾ' ಎಂಬ ಕ್ಷುದ್ರಗ್ರಹವನ್ನು ಕಂಡುಹಿಡಿದರು. ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ, ಆರ್. ರಾಜಮೋಹನ್ 1988ರ ಫೆಬ್ರವರಿ 17ರಂದು ಪತ್ತೆಹಚ್ಚಿದ ಕಾಯಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಡಲಾಗಿದೆ. ಅದು ಬೈನಾಕ್ಯುಲರ್‌ಗೆ ನಿಲುಕದು; ಆದರೆ ವೆಸ್ಟಾವನ್ನು ಇಂದಿಗೂ ಬೆಂಗಳೂರಿನ ಹೊರವಲಯದ ತಾರಸಿಯಿಂದಲೇ ಗುರುತಿಸಬಹುದು.