ಬಲಕ್ಕೆ ತೆರೆದ ದಾರಿ: ವಿಡಿಯೋ ಗೇಮ್ ಲೆವೆಲ್ ಬೆಳೆದು ಬಂದ ಬಗೆ

ಪರದೆಯ ಎಡಭಾಗದಲ್ಲಿ ಟೋಪಿ ತೊಟ್ಟ ಪುಟ್ಟ ಮೀಸೆಯವನೊಬ್ಬ ನಿಂತಿದ್ದಾನೆ. ಅವನ ಮುಖ ಬಲಕ್ಕೆ ತಿರುಗಿದೆ. ಮುಂದೆ ಖಾಲಿ ನೆಲ, ಮೇಲೆ ನೀಲಿ ಆಕಾಶ. ಏನು ಮಾಡಬೇಕೆಂದು ಎಲ್ಲೂ ಬರೆದಿಲ್ಲ. ಆದರೂ ಓದು ಬಾರದ ಮಗು ಕೂಡ ಯಾರನ್ನೂ ಕೇಳದೆ ಬಲಗಡೆಯ ಗುಂಡಿ ಒತ್ತುತ್ತದೆ. ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಈ ಮೊದಲ ಲೆವೆಲ್ಲನ್ನು ಆಟಗಾರರು ‘ಒನ್-ಒನ್’ ಎಂದೇ ಕರೆಯುತ್ತಾರೆ. ನೆಲ, ಹೊಂಡ, ಇಟ್ಟಿಗೆಗಳನ್ನು ಜೋಡಿಸಿಯೇ ಪಾಠ ಹೇಳುವ ಕಲೆ ಇಲ್ಲಿ ಮೊದಲ ಬಾರಿಗೆ ಪೂರ್ಣವಾಗಿ ಅರಳಿತು.

ಅದಕ್ಕೆ ಮೊದಲು ಲೆವೆಲ್ ಎಂದರೆ ಸಾಮಾನ್ಯವಾಗಿ ಒಂದು ಪರದೆ, ಅಷ್ಟೇ. ಜಪಾನಿನ ನಿಂಟೆಂಡೊ ಸಂಸ್ಥೆ 1981ರಲ್ಲಿ ತಂದ ‘ಡಾಂಕಿ ಕಾಂಗ್’ನಲ್ಲಿ ಅಂಥವು ನಾಲ್ಕಿದ್ದವು: ಉಕ್ಕಿನ ತೊಲೆಗಳು, ಏಣಿಗಳು, ಮೇಲಿಂದ ಉರುಳಿ ಬರುವ ಪೀಪಾಯಿಗಳು. ನಾಣ್ಯ ಹಾಕಿ ಆಡುವ ಯಂತ್ರವದು. ಆಟಗಾರ ಬೇಗ ಸೋತರೆ ಮುಂದಿನ ನಾಣ್ಯ ಬೀಳುತ್ತದೆ. ಹಾಗಾಗಿ ನಿಧಾನವಾಗಿ ಕಲಿಸಿಕೊಡುವ ವ್ಯವಧಾನ ಅಲ್ಲಿರಲಿಲ್ಲ.

ಮನೆಯ ಟಿವಿಗೆ ಜೋಡಿಸಿ ಆಡುವ ಯಂತ್ರಗಳಲ್ಲಿ ತೊಡಕು ಬೇರೆಯದು. 1982ರಲ್ಲಿ ಅಮೆರಿಕದ ಡೇವಿಡ್ ಕ್ರೇನ್ ಅಟಾರಿ 2600 ಯಂತ್ರಕ್ಕಾಗಿ ‘ಪಿಟ್‌ಫಾಲ್’ ರಚಿಸಿದಾಗ ಅವರಿಗೆ ಸಿಕ್ಕ ಜಾಗ 4 ಕಿಲೋಬೈಟ್. ಅಷ್ಟರಲ್ಲೇ ಅವರು 255 ಪರದೆಗಳ ಕಾಡೊಂದನ್ನು ಹಿಡಿಸಿದರು. ಪ್ರತಿ ಪರದೆಯನ್ನೂ ಬರೆದಿಡುವ ಬದಲು, ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಯನ್ನು ಹುಟ್ಟಿಸುವ ಸೂತ್ರವೊಂದನ್ನು ಬಳಸಿದರು. ಮರ ಎಲ್ಲಿರಬೇಕು, ಗುಂಡಿ ಎಲ್ಲಿ, ಮೊಸಳೆ ಎಲ್ಲಿ ಎಂಬುದನ್ನೆಲ್ಲ ಆ ಸಂಖ್ಯೆಯೇ ಹೇಳುತ್ತಿತ್ತು. ಆದರೆ ಕಾಡು ಸರಿಯುತ್ತಿರಲಿಲ್ಲ. ಅಂಚು ಮುಟ್ಟಿದೊಡನೆ ಪುಟ ಮಗುಚಿದಂತೆ ಪರದೆ ಬದಲಾಗುತ್ತಿತ್ತು. ಓಡುವವನ ಜೊತೆಗೇ ನೆಲವೂ ಸರಿಯುವ ಅನುಭವವನ್ನು ನಾಮ್ಕೋ ಸಂಸ್ಥೆಯ ‘ಪ್ಯಾಕ್-ಲ್ಯಾಂಡ್’ 1984ರಲ್ಲಿ ಕೊಟ್ಟಿತು.

1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಬಿಡುಗಡೆಯಾಯಿತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಲೆವೆಲ್‌ಗಳನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬರೆದರು. ಪ್ರೋಗ್ರಾಮರ್‌ಗಳು ಅವನ್ನು ಸಂಖ್ಯೆಗಳಿಗೆ ಇಳಿಸಿದರು. ಇಡೀ ಆಟಕ್ಕೆ 40 ಕಿಲೋಬೈಟ್. ಅದರಲ್ಲಿ ಚಿತ್ರಗಳ ಪಾಲು 8. ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಷ್ಟು ಬಿಗಿಯಾದ ಸಂಸಾರದಲ್ಲಿ 32 ಲೆವೆಲ್‌ಗಳು ಹಿಡಿಸಿದವು.

ಒನ್-ಒನ್ ಅವುಗಳಲ್ಲಿ ಮೊದಲು ಹುಟ್ಟಿದ್ದಲ್ಲ. ಮುಂದಿನ ಲೆವೆಲ್‌ಗಳಲ್ಲಿ ಯಾವುದು ಖುಷಿ ಕೊಡುತ್ತದೆಂದು ತಿಳಿದ ಮೇಲೆ ಹಿಂದಕ್ಕೆ ಬಂದು ಇದನ್ನು ಕಟ್ಟಿದೆವೆಂದು ಮಿಯಾಮೊಟೊ ಸಂದರ್ಶನವೊಂದರಲ್ಲಿ ವಿವರಿಸಿದ್ದಾರೆ. ಎದುರು ಬರುವ ಮೊದಲ ಶತ್ರು ಗೂಂಬಾ, ಹುಬ್ಬು ಗಂಟಿಕ್ಕಿಕೊಂಡ ಕಂದು ಜೀವಿ. ಚಿಪ್ಪಿನ ಆಮೆ ಹೊಸಬರಿಗೆ ಕಷ್ಟವಾಗುತ್ತದೆಂದು ಕಂಡು, ಒಂದೇ ತುಳಿತಕ್ಕೆ ಸಾಯುವ ಈ ಗೂಂಬಾವನ್ನು ಕೆಲಸ ಮುಗಿಯುವ ಹೊತ್ತಿಗೆ ಸೇರಿಸಲಾಯಿತು. ಅದು ಮುಟ್ಟಿದರೆ ಸಾವು, ಆದರೆ ನಷ್ಟವೇನೂ ಇಲ್ಲ. ಆಟ ಶುರುವಾಗಿ ಕೆಲವೇ ಸೆಕೆಂಡುಗಳಾಗಿರುತ್ತವೆ.

ಗೂಂಬಾ ದಾಟಿದವರಿಗೆ ಅಣಬೆ ಸಿಗುತ್ತದೆ. ಪ್ರಶ್ನೆ ಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿಸಿದರೆ ಹೊರಬರುವ ಈ ಅಣಬೆ ಬಲಕ್ಕೆ ಜಾರಿ, ಕೆಳಗಿಳಿದು, ಹಸಿರು ಕೊಳವೆಗೆ ಬಡಿದು ಆಟಗಾರನ ಕಡೆಗೇ ಮರಳುತ್ತದೆ. ಗೂಂಬಾದ ಹಾಗೆಯೇ ಕಾಣುವುದರಿಂದ ಹೊಸಬ ಹೆದರಿ ಹಾರುತ್ತಾನೆ. ಹಾರಿದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅಣಬೆಯ ಮೇಲೆಯೇ ಬೀಳುತ್ತಾನೆ. ಥಟ್ಟನೆ ಮೈ ದೊಡ್ಡದಾಗುತ್ತದೆ! ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದು ಒಂದಕ್ಷರವೂ ಇಲ್ಲದೆ ತಿಳಿದುಹೋಗುತ್ತದೆ.

ಮುಂದಿನ ಎರಡು ಕೊಳವೆಗಳು ಒಂದಕ್ಕಿಂತ ಒಂದು ಎತ್ತರವಾಗುತ್ತ ನೆಗೆತದ ಅಳತೆ ಕಲಿಸುತ್ತವೆ. ನಾಲ್ಕನೆಯ ಕೊಳವೆ ಕುತೂಹಲಿಗಳನ್ನು ನೆಲದಡಿಯ ನಾಣ್ಯಗಳ ಕೋಣೆಗೆ ಇಳಿಸುತ್ತದೆ. ಲೆವೆಲ್ಲಿನ ಕೊನೆಯ ಭಾಗದಲ್ಲಿ ಎರಡು ಮೆಟ್ಟಿಲು ಸಾಲುಗಳು ಎದುರುಬದುರು ನಿಂತಿವೆ. ನಡುವೆ ಗಟ್ಟಿ ನೆಲ, ಗುರಿ ತಪ್ಪಿದರೂ ಜೀವ ಉಳಿಯುತ್ತದೆ. ತುಸು ಮುಂದೆ ಹೋದರೆ ಅಂಥದೇ ಇನ್ನೊಂದು ಜೋಡಿ, ಈ ಸಲ ನಡುವೆ ಹೊಂಡ. ಮೊದಲು ಅಭ್ಯಾಸ, ಆಮೇಲೆ ಪರೀಕ್ಷೆ. ಇಡೀ ಕ್ಷೇತ್ರ ಮುಂದೆ ಹಿಡಿದ ಕ್ರಮ ಈ ನಾಲ್ಕು ಮೆಟ್ಟಿಲು ಸಾಲುಗಳಲ್ಲೇ ಇದೆ.

ನಿಂಟೆಂಡೊ ಮರುವರ್ಷವೇ ತಂದ ಎರಡನೆಯ ಭಾಗ ಅಣಬೆ ಒಳ್ಳೆಯದೆಂಬ ನಂಬಿಕೆಯನ್ನು ತಲೆಕೆಳಗು ಮಾಡಿತು. ಅದರ ಮೊದಲ ಲೆವೆಲ್ಲಿನ ಆರಂಭದಲ್ಲೇ ವಿಷದ ಅಣಬೆ ಇತ್ತು. ಪಳಗಿದವರಿಗಾಗಿ ಮಾಡಿದ ಆ ಆಟ ಅತಿ ಕಠಿಣವೆಂದು ಅಮೆರಿಕಕ್ಕೆ ಆಗ ಹೋಗಲೇ ಇಲ್ಲ. 1987ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯ ‘ಮೆಗಾ ಮ್ಯಾನ್’ ಆರು ಲೆವೆಲ್‌ಗಳನ್ನು ಒಟ್ಟಿಗೇ ಮುಂದಿಟ್ಟು, ಬೇಕಾದ್ದರಿಂದ ಶುರುಮಾಡುವ ಸ್ವಾತಂತ್ರ್ಯ ಕೊಟ್ಟಿತು. 1991ರಲ್ಲಿ ಸೆಗಾ ಸಂಸ್ಥೆಯ ‘ಸಾನಿಕ್’ ಬಂದಾಗ ದಾರಿಯೇ ಕವಲೊಡೆಯಿತು. ಹಿರೊಕಾಜು ಯಸುಹಾರಾ ರೂಪಿಸಿದ ‘ಗ್ರೀನ್ ಹಿಲ್’ನಲ್ಲಿ ಮೇಲೊಂದು ದಾರಿ, ಕೆಳಗೊಂದು ದಾರಿ, ಜಾರಿ ಬಿದ್ದರೂ ಓಟ ನಿಲ್ಲದು. ಇಳಿಜಾರಿನಲ್ಲಿ ವೇಗ ಕೂಡಿಸಿಕೊಂಡು ಉರುಟು ಸುತ್ತನ್ನು ಏರಿಳಿಯುವ ಸುಖವೇ ಅಲ್ಲಿನ ಪಾಠ.

ಪರ್ಸನಲ್ ಕಂಪ್ಯೂಟರುಗಳಿಗೆ ಮೊದಮೊದಲು ನೆಲವನ್ನು ಅಷ್ಟು ನುಣುಪಾಗಿ ಸರಿಸಲು ಬರುತ್ತಿರಲಿಲ್ಲ. 1990ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ಜಾನ್ ಕಾರ್ಮ್ಯಾಕ್ ಪರದೆಯ ಬದಲಾದ ತುಣುಕುಗಳನ್ನಷ್ಟೇ ಮರಳಿ ಬಿಡಿಸುವ ಉಪಾಯ ಕಂಡುಕೊಂಡರು. ಒಂದೇ ರಾತ್ರಿಯಲ್ಲಿ ಅವರೂ ಟಾಮ್ ಹಾಲ್ ಅವರೂ ಸೇರಿ ‘ಮಾರಿಯೋ 3’ರ ಮೊದಲ ಲೆವೆಲ್ಲನ್ನು ಕಂಪ್ಯೂಟರಿಗೆ ಇಳಿಸಿ, ಮಾರಿಯೋ ಜಾಗದಲ್ಲಿ ಸಹೋದ್ಯೋಗಿ ಜಾನ್ ರೊಮೆರೊ ಸೃಷ್ಟಿಸಿದ ‘ಡೇಂಜರಸ್ ಡೇವ್’ನನ್ನು ನಿಲ್ಲಿಸಿದರು. ಅದೇ ಉಪಾಯದಿಂದ ಡಿಸೆಂಬರಿನಲ್ಲಿ ‘ಕಮಾಂಡರ್ ಕೀನ್’ ಹೊರಬಂತು. ಆ ಡೇವ್ ನಮ್ಮವರಿಗೂ ಹಳೆಯ ಪರಿಚಿತ. ಕರ್ನಾಟಕದ ಶಾಲೆಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಬೆಳೆದ ಒಂದು ಪೀಳಿಗೆ ಬಲಕ್ಕೆ ಓಡುವುದನ್ನು ಕಲಿತದ್ದು ‘ಡೇವ್’ ಮತ್ತು ‘ಪ್ರಿನ್ಸ್ ಆಫ್ ಪರ್ಷಿಯಾ’ಗಳಿಂದ.

1996ರ ‘ಸೂಪರ್ ಮಾರಿಯೋ 64’ ಆಟಗಾರರನ್ನು ಮೂರು ಆಯಾಮದ ಲೋಕಕ್ಕೆ ಕರೆದೊಯ್ದಾಗ ಪಕ್ಕಕ್ಕೆ ಸರಿಯುವ ಆಟಗಳು ಹಿಂದೆ ಬಿದ್ದವು. ಕಲಿಸುವ ಕ್ರಮ ಮಾತ್ರ ಉಳಿಯಿತು. ನಿಂಟೆಂಡೊದ ಕೊಯಿಚಿ ಹಯಶಿದಾ ಅದನ್ನು ಜಪಾನಿನ ನಾಲ್ಕು ಚೌಕದ ಕಾಮಿಕ್ ಪಟ್ಟಿಗೆ ಹೋಲಿಸಿದ್ದಾರೆ: ಹೊಸತನ್ನು ತೋರಿಸು, ಬೆಳೆಸು, ಅನಿರೀಕ್ಷಿತ ತಿರುವು ಕೊಡು, ಮುಗಿಸು. 2008ರ ‘ಬ್ರೇಡ್’, 2010ರ ‘ಲಿಂಬೊ’, 2018ರ ‘ಸೆಲೆಸ್ಟ್’ಗಳನ್ನು ಸಣ್ಣ ತಂಡಗಳು ಮಾಡಿದವು, ಪಕ್ಕದ ಓಟಕ್ಕೆ ಅವು ಮತ್ತೆ ಜೀವ ತುಂಬಿದವು.

ಸೂತ್ರದಿಂದ ಲೆವೆಲ್ ಹುಟ್ಟಿಸುವ ಕ್ರೇನ್ ಅವರ ದಾರಿಯೂ ಮುಚ್ಚಿಹೋಗಲಿಲ್ಲ. ಡೆರೆಕ್ ಯು 2008ರಲ್ಲಿ ತಂದ ‘ಸ್ಪೆಲಂಕಿ’ ಪ್ರತಿ ಸಲವೂ ಹೊಸ ಗುಹೆಯನ್ನು ಕಟ್ಟುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಕೋಣೆ. ಮೇಲಿನಿಂದ ಕೆಳಗಿನ ಬಾಗಿಲಿನವರೆಗೆ ಒಂದು ದಾರಿಯಾದರೂ ತೆರೆದಿರುವಂತೆ ಮೊದಲು ಖಚಿತಪಡಿಸಿಕೊಂಡು, ಉಳಿದದ್ದನ್ನು ಆಮೇಲೆ ತುಂಬುತ್ತದೆ. 2009ರಿಂದ ಸಂಶೋಧಕರು ಮಾರಿಯೋ ಮಾದರಿಯ ಆಟವನ್ನೇ ಕೃತಕ ಬುದ್ಧಿಮತ್ತೆಯ ಸ್ಪರ್ಧೆಗಳಿಗೆ ಬಳಸಿದರು. 2010ರಲ್ಲಿ ಲೆವೆಲ್ ರಚಿಸುವ ಪ್ರೋಗ್ರಾಮುಗಳೂ ಕಣಕ್ಕಿಳಿದವು.

2015ರಲ್ಲಿ ನಿಂಟೆಂಡೊ ಗ್ರಾಫ್ ಹಾಳೆಯನ್ನು ಆಟಗಾರರ ಕೈಗೇ ಒಪ್ಪಿಸಿತು. ‘ಸೂಪರ್ ಮಾರಿಯೋ ಮೇಕರ್’ನಲ್ಲಿ ಯಾರು ಬೇಕಾದರೂ ಲೆವೆಲ್ ಕಟ್ಟಬಹುದಿತ್ತು, ನಿಯಮ ಒಂದೇ, ಕಟ್ಟಿದವರು ಅದನ್ನು ಸ್ವತಃ ಆಡಿ ಗೆದ್ದ ಮೇಲಷ್ಟೇ ಇತರರಿಗೆ ಹಂಚಲು ಸಾಧ್ಯವಿತ್ತು. 2024ರ ಏಪ್ರಿಲ್ 8ರಂದು ಅದರ ಸರ್ವರ್ ಮುಚ್ಚುವುದೆಂದು ತಿಳಿದಾಗ, ಅಲ್ಲಿಯವರೆಗೆ ಯಾರೂ ದಾಟದ ಲೆವೆಲ್‌ಗಳನ್ನೆಲ್ಲ ದಾಟಲು ಆಟಗಾರರ ಗುಂಪೊಂದು ಪಟ್ಟು ಹಿಡಿದು ಕೂತಿತು. ಉಳಿದುಕೊಂಡ ಒಂದು ಲೆವೆಲ್ಲನ್ನು ಯಂತ್ರದ ನೆರವಿನಿಂದ ಗೆದ್ದು ಸೇರಿಸಿದ್ದೆಂದು ಅದನ್ನು ಕಟ್ಟಿದವರೇ ಒಪ್ಪಿಕೊಂಡರು. ಹಾಗಿದ್ದೂ ಪ್ರಯತ್ನ ನಿಲ್ಲಲಿಲ್ಲ. ಸರ್ವರ್ ಮುಚ್ಚಲು ಕೆಲವೇ ದಿನಗಳಿದ್ದಾಗ ಒಬ್ಬ ಆಟಗಾರ ಕೈಯಿಂದಲೇ ಆಡಿ ಅದನ್ನೂ ದಾಟಿ ಲೆವೆಲ್ಲಿನ ಕೊನೆಯಲ್ಲಿರುವ ಬಾವುಟದ ಕಂಬ ಹಿಡಿದ.