ಬಂದಿಗಳ ಹಾಡೂ ಮರುಳಾದ ಅರಸನೂ

೧೯೦೧ನೆಯ ಇಸವಿ ಫೆಬ್ರವರಿ ೨೭ರಂದು ಇಟಲಿಯ ಮಿಲಾನ್ ನಗರದ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ನೆರೆದಿದ್ದರು. ಸರಿಯಾಗಿ ಒಂದು ತಿಂಗಳ ಹಿಂದೆ ತೀರಿಕೊಂಡಿದ್ದ ಜುಸೆಪ್ಪೆ ವೆರ್ದಿಯ ಶವಪೆಟ್ಟಿಗೆಯನ್ನೂ, ಅವನಿಗಿಂತ ಮೊದಲೇ ಕಣ್ಮುಚ್ಚಿದ್ದ ಹೆಂಡತಿ ಜುಸೆಪ್ಪಿನಾಳ ಪೆಟ್ಟಿಗೆಯನ್ನೂ ಸ್ಮಶಾನದಿಂದ ತೆಗೆದು, ವಯಸ್ಸಾದ ಸಂಗೀತಗಾರರಿಗಾಗಿ ಆತನೇ ಕಟ್ಟಿಸಿದ್ದ ಆಶ್ರಯಗೃಹಕ್ಕೆ ಒಯ್ಯುವ ದಿನ ಅದು. ತನ್ನ ಅಂತ್ಯಯಾತ್ರೆಗೆ ಹಾಡು ವಾದ್ಯಗಳು ಕೂಡದೆಂದು ಮುದುಕ ಹೇಳಿಟ್ಟಿದ್ದ. ಮೊದಲ ಸಲ ಜನ ಆ ಮಾತಿಗೆ ತಲೆಬಾಗಿದ್ದರು. ಈ ಸಲ ಬಾಗಲಿಲ್ಲ. ತೊಸ್ಕನೀನಿಯ ಕೈಸನ್ನೆಗೆ ಎಂಟುನೂರಕ್ಕೂ ಹೆಚ್ಚು ಕಂಠಗಳು ಒಟ್ಟಾಗಿ ಒಂದು ಹಾಡನ್ನೆತ್ತಿದುವು. ಐವತ್ತೊಂಬತ್ತು ವರ್ಷಗಳ ಹಿಂದೆ ‘ನಬುಕ್ಕೊ’ ಎಂಬ ಗೀತನಾಟಕದಲ್ಲಿ ಸೆರೆಸಿಕ್ಕ ಯೆಹೂದ್ಯರ ಬಾಯಲ್ಲಿ ವೆರ್ದಿ ಇಟ್ಟಿದ್ದ ಹಾಡು ಅದು. ಅದರ ಮೊದಲೆರಡು ಪದಗಳೇ ಹೆಸರಾಗಿ ‘ವಾ ಪೆನ್ಸಿಯೇರೊ’ ಎಂದು ಜಗತ್ತಿನಲ್ಲೆಲ್ಲ ಪ್ರಸಿದ್ಧವಾಗಿದೆ.

ಈ ಹಾಡಿನ ಸುತ್ತ ಒಂದು ಕಥೆ ಉಂಟು. ಪಾಶ್ಚಾತ್ಯ ಸಂಗೀತದಲ್ಲಿ ಆಸಕ್ತಿಯುಳ್ಳ ವಾಚಕರು ಅದನ್ನು ಎಲ್ಲಿಯಾದರೂ ಓದಿಯೇ ಇರುತ್ತಾರೆ. ೧೮೪೨ರ ಮಾರ್ಚ್ ೯ರ ರಾತ್ರಿ ಮಿಲಾನಿನ ಲಾ ಸ್ಕಾಲ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಆಗ ಇಟಲಿ ಎಂಬ ಒಂದು ರಾಜ್ಯವೇ ಇರಲಿಲ್ಲ. ಮಿಲಾನ್ ಸೇರಿದ ಲೊಂಬಾರ್ದಿ ಪ್ರಾಂತ ಆಸ್ಟ್ರಿಯದ ಚಕ್ರವರ್ತಿಯ ಕೈಯಲ್ಲಿತ್ತು. ರಂಗದ ಮೇಲೆ ಯೂಫ್ರೇಟಿಸ್ ನದಿಯ ದಡದಲ್ಲಿ ಬೇಡಿ ತೊಟ್ಟ ಯೆಹೂದ್ಯರು ಕಳೆದುಕೊಂಡ ನಾಡನ್ನು ನೆನೆದು ಹಾಡಿದಾಗ ಸಭಿಕರಿಗೆ ಅದು ತಮ್ಮದೇ ಗೋಳೆನಿಸಿತಂತೆ. ಸರ್ಕಾರದ ನಿಷೇಧವನ್ನೂ ಲೆಕ್ಕಿಸದೆ ‘ಒನ್ಸ್ ಮೋರ್’ ಎಂದು ಕೂಗಿದರಂತೆ; ಹಾಡು ಎರಡನೆಯ ಸಲ ಮೊಳಗಿತಂತೆ; ಇಟಲಿಯ ಸ್ವಾತಂತ್ರ್ಯ ಹೋರಾಟಕ್ಕೆ ಅಂದೇ ಒಂದು ಗೀತೆ ದೊರಕಿತಂತೆ. ೧೯೫೯ರಲ್ಲಿ ಪ್ರಕಟವಾದ ಫ್ರಾಂಕೊ ಅಬ್ಬಿಯಾತಿಯ ದೊಡ್ಡ ಜೀವನಚರಿತ್ರೆಯೂ ಈ ಕಥೆಗೆ ಒತ್ತಾಸೆ ಕೊಟ್ಟಿತು.

ವಸ್ತುಸ್ಥಿತಿ ಬೇರೆ. ೧೯೮೭ರಲ್ಲಿ ‘ನಬುಕ್ಕೊ’ದ ಶಾಸ್ತ್ರೀಯ ಆವೃತ್ತಿಯನ್ನು ಸಂಪಾದಿಸಿದ ಇಂಗ್ಲಿಷ್ ವಿದ್ವಾಂಸ ರೋಜರ್ ಪಾರ್ಕರ್ ಅವರು ಅಂದಿನ ಮಿಲಾನ್ ಪತ್ರಿಕೆಗಳ ವಿಮರ್ಶೆಗಳನ್ನು ಜಾಲಾಡಿದರು. ‘ಒನ್ಸ್ ಮೋರ್’ ಆದದ್ದು ನಿಜ. ಆದರೆ ಅದು ದೊರೆತದ್ದು ಬಂದಿಗಳ ಹಾಡಿಗಲ್ಲ. ನಾಟಕದ ಕೊನೆಯಲ್ಲಿ ಎಲ್ಲರೂ ಮೊಣಕಾಲೂರಿ ಹಾಡುವ ‘ಇಮ್ಮೆನ್ಸೊ ಜೆಹೋವ’ ಎಂಬ ದೇವಸ್ತುತಿಗೆ. ಆ ಸ್ತುತಿಯನ್ನು ಇಂದು ಗೀತನಾಟಕದ ಅಭ್ಯಾಸಿಗಳ ಹೊರತು ಬೇರೆಯವರು ನೆನೆಯುವುದಿಲ್ಲ. ಅದಕ್ಕೆ ಬಿದ್ದ ಚಪ್ಪಾಳೆಯನ್ನು ಮುಂದೆ ಪ್ರಸಿದ್ಧವಾದ ಹಾಡು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿತು!

ಇನ್ನೊಂದು ಸಂಗತಿ. ಈ ನಾಟಕದ ಸ್ವರಲಿಪಿ ಅಚ್ಚಾದಾಗ ವೆರ್ದಿ ಅದನ್ನು ಅರ್ಪಿಸಿದ್ದು ಯಾರಿಗೆ? ಆಸ್ಟ್ರಿಯದ ರಾಜಕುಮಾರಿ ಅದಲೈದೆಗೆ. ಲೊಂಬಾರ್ದಿಯನ್ನು ಚಕ್ರವರ್ತಿಯ ಹೆಸರಿನಲ್ಲಿ ಆಳುತ್ತಿದ್ದ ಪ್ರತಿನಿಧಿ ರೈನರನ ಮಗಳು ಆಕೆ. ಚಕ್ರವರ್ತಿಯ ವಿರುದ್ಧ ಎದ್ದ ಕೂಗೆಂದು ನಾವು ಎಣಿಸುವ ಕೃತಿಯನ್ನು ಚಕ್ರವರ್ತಿಯ ಮನೆತನದ ಹೆಣ್ಣುಮಗಳು ಕಾಣಿಕೆಯಾಗಿ ಸ್ವೀಕರಿಸಿದಳು. ಯಾರಿಗೂ ಅದು ವಿಪರೀತವಾಗಿ ತೋರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಆಕೆಯ ಮದುವೆ ಸವೋಯ್ ಮನೆತನದ ವಿತ್ತೋರಿಯೊ ಎಮಾನುಯೇಲೆಯೊಂದಿಗೆ ಆಯಿತು. ಆತನೇ ೧೮೬೧ರಲ್ಲಿ ಒಂದಾದ ಇಟಲಿಯ ಮೊದಲ ದೊರೆ. ಆ ವರ್ಷದ ಮೊದಲ ಲೋಕಸಭೆಯಲ್ಲಿ ವೆರ್ದಿಯೂ ಸದಸ್ಯನಾಗಿ ಕುಳಿತ. ಅದಲೈದೆ ಮಾತ್ರ ೧೮೫೫ರಲ್ಲೇ ತೀರಿಹೋಗಿದ್ದಳು.

ಹಾಗಾದರೆ ಹಾಡಿನ ಹಿರಿಮೆಯೇ ಸುಳ್ಳೆ? ಹಾಗೆ ಹೇಳುವಂತಿಲ್ಲ. ದೇಶ ಒಂದಾದ ಮೇಲೆ, ಹೋರಾಟದ ದಿನಗಳನ್ನು ನೆನೆಯಲು ಒಂದು ಹಾಡು ಬೇಕಾದಾಗ, ಜನ ಹಿಂತಿರುಗಿ ನೋಡಿ ಇದನ್ನು ಆರಿಸಿಕೊಂಡರು. ಆರಿಸಿಕೊಳ್ಳುವಂಥ ಗುಣ ಅದರಲ್ಲಿತ್ತು. ಪಾಶ್ಚಾತ್ಯ ವೃಂದಗಾನದಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಕಂಠಗಳು ನಾಲ್ಕು ದಾರಿ ಹಿಡಿದು ಕೂಡುತ್ತವೆ. ಇಲ್ಲಿ ಹೆಚ್ಚಿನ ಭಾಗದಲ್ಲಿ ಹೆಣ್ಣು ಗಂಡು ಎಲ್ಲರೂ ಒಂದೇ ಧಾಟಿಯನ್ನು, ಅದೂ ತಗ್ಗಿದ ದನಿಯಲ್ಲಿ, ಹಾಡುತ್ತಾರೆ. ಒಂದೆಡೆ ಮಾತ್ರ ದನಿ ಒಮ್ಮೆಲೆ ಏರಿ ಕವಲೊಡೆಯುತ್ತದೆ. ಮತ್ತೆ ಇಳಿದು ಉಸಿರಿನಂತೆ ಆರಿಹೋಗುತ್ತದೆ. ಸಂಗೀತ ಕಲಿಯದವನೂ ಜೊತೆಗೂಡಬಹುದು. ಒಂದೇ ಧಾಟಿಯ ಹಾಡುಗಾರಿಕೆಗೆ ಒಗ್ಗಿದ ನಮ್ಮ ಕಿವಿಗಂತೂ ಅದು ದೂರದ್ದೆನಿಸುವುದೇ ಇಲ್ಲ. ಬಾಂಬಿನ ದಾಳಿಗೆ ಮುರಿದುಬಿದ್ದ ಲಾ ಸ್ಕಾಲ ೧೯೪೬ರ ಮೇ ತಿಂಗಳಲ್ಲಿ ಮತ್ತೆ ತೆರೆದಾಗ ತೊಸ್ಕನೀನಿ ಇದನ್ನು ಹಾಡಿಸಿದ. ಇಟಲಿಯ ಐಕ್ಯಕ್ಕೆ ನೂರೈವತ್ತು ವರ್ಷ ತುಂಬಿದ ೨೦೧೧ರ ಮಾರ್ಚ್‌ನಲ್ಲಿ ರೋಮಿನ ರಂಗಮಂದಿರದಲ್ಲಿ ರಿಕಾರ್ದೊ ಮುತಿ, ಕಲೆಗೆ ಕೊಡುವ ಹಣಕ್ಕೆ ಸರ್ಕಾರ ಕತ್ತರಿ ಹಾಕುತ್ತಿರುವುದನ್ನು ಖಂಡಿಸಿ, ಸಭಿಕರೂ ಜೊತೆಗೂಡುವಂತೆ ಕರೆದು, ಹಾಡನ್ನು ಎರಡನೆಯ ಸಲ ನಡೆಸಿದರು. ಜನ ಎದ್ದು ನಿಂತು ಹಾಡಿದರು.

ವಿಚಿತ್ರವೆಂದರೆ, ಕರ್ತೃವಿನ ನೆನಪು ಕೂಡ ಈ ಹಾಡಿನ ಕಡೆಗೇ ವಾಲಿತು. ೧೮೪೦ರಲ್ಲಿ ವೆರ್ದಿ ಸೋತು ಸೊರಗಿದ್ದ. ಮಕ್ಕಳಿಬ್ಬರೂ ಒಬ್ಬರ ಹಿಂದೊಬ್ಬರು ಹೋಗಿದ್ದರು; ಜೂನಿನಲ್ಲಿ ಮೊದಲ ಹೆಂಡತಿ ಮಾರ್ಗರಿತಾ ಸತ್ತಳು; ಸೆಪ್ಟೆಂಬರಿನಲ್ಲಿ ಅವನ ಹಾಸ್ಯ ನಾಟಕ ಬಿದ್ದುಹೋಯಿತು. ಇನ್ನು ಬರೆಯುವುದಿಲ್ಲವೆಂದು ಕೈಕಟ್ಟಿ ಕುಳಿತ. ಲಾ ಸ್ಕಾಲದ ವ್ಯವಸ್ಥಾಪಕ ಮೆರೆಲ್ಲಿ ಒಂದು ಹಸ್ತಪ್ರತಿಯನ್ನು ಅವನ ಕೈಗೆ ತುರುಕಿದ. ತೆಮಿಸ್ತೊಕ್ಲೆ ಸೊಲೇರ ಬರೆದದ್ದು. ಒಟ್ಟೊ ನಿಕೊಲಾಯ್ ಎಂಬ ಜರ್ಮನ್ ಸಂಗೀತಗಾರ ಬೇಡವೆಂದು ಬಿಟ್ಟದ್ದು. ೧೮೭೯ರಲ್ಲಿ, ಮುಪ್ಪಿನಲ್ಲಿ, ವೆರ್ದಿ ತನ್ನ ಪ್ರಕಾಶಕನಿಗೆ ಹೇಳಿದ್ದು ಹೀಗೆ: ಮನೆಗೆ ಬಂದು ಹಸ್ತಪ್ರತಿಯನ್ನು ಮೇಜಿನ ಮೇಲೆ ಎಸೆದಾಗ ಅದು ತಾನೇ ತೆರೆದುಕೊಂಡಿತು, ಕಣ್ಣಿಗೆ ಬಿದ್ದದ್ದು ಬಂದಿಗಳ ಹಾಡು, ರಾತ್ರಿಯೆಲ್ಲ ನಿದ್ದೆ ಇಲ್ಲ. ಆದರೆ ಹತ್ತು ವರ್ಷ ಮೊದಲು, ೧೮೬೯ರಲ್ಲಿ, ಲೆಸ್ಸೋನ ಎಂಬ ಲೇಖಕನ ಪುಸ್ತಕಕ್ಕೆ ಅವನಿಂದಲೇ ಬಂದ ಕಥೆ ಬೇರೆ. ಹಸ್ತಪ್ರತಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ಕೊನೆಗೊಂದು ದಿನ ಕೈಗೆತ್ತಿಕೊಂಡು ಮೊದಲು ಸ್ವರ ಹಾಕಿದ್ದು ಅಬಿಗೈಲೆ ಎಂಬ ಪಾತ್ರದ ಸಾವಿನ ದೃಶ್ಯಕ್ಕೆ. ಮಕ್ಕಳು ಹೆಂಡತಿ ಮೂವರೂ ಎರಡು ತಿಂಗಳ ಅಂತರದಲ್ಲಿ ಸತ್ತರೆಂದೂ ಆತ ಮುಪ್ಪಿನಲ್ಲಿ ಹೇಳಿದ. ದಾಖಲೆಗಳ ಪ್ರಕಾರ ಮಗಳು ೧೮೩೮ರಲ್ಲಿ, ಮಗ ೧೮೩೯ರಲ್ಲಿ, ಹೆಂಡತಿ ೧೮೪೦ರಲ್ಲಿ. ಇದನ್ನು ಸುಳ್ಳೆನ್ನಲು ನನಗೆ ಮನಸ್ಸು ಬಾರದು. ದುಃಖಕ್ಕೆ ತಿಂಗಳ ಲೆಕ್ಕ ಉಳಿಯುವುದು ಕಷ್ಟ.

ನಾಟಕದ ಕಥೆಗೆ ಬರೋಣ. ಬ್ಯಾಬಿಲೋನಿನ ಅರಸ ನಬುಕ್ಕೊ, ಎಂದರೆ ಬೈಬಲಿನ ನೆಬೂಕದ್ನೆಚ್ಚರ, ಯೆರೂಸಲೇಮನ್ನು ಗೆದ್ದು ಯೆಹೂದ್ಯರನ್ನು ಸೆರೆ ಒಯ್ಯುತ್ತಾನೆ. ತಾನೇ ದೇವರೆಂದು ಸಾರುತ್ತಲೇ ಸಿಡಿಲು ಬಡಿದು ಕಿರೀಟ ಉರುಳುತ್ತದೆ; ಅರಸ ಮರುಳಾಗುತ್ತಾನೆ. ಮಗಳೆನಿಸಿಕೊಂಡಿದ್ದ, ನಿಜದಲ್ಲಿ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ಅಬಿಗೈಲೆ ಪಟ್ಟವನ್ನು ಕಬಳಿಸುತ್ತಾಳೆ. ಸ್ವಂತ ಮಗಳು ಫೆನೇನ ಕೊಲೆಗಂಬಕ್ಕೆ ಹೋಗುವುದನ್ನು ಕಂಡು ಅರಸ ಯೆಹೂದ್ಯರ ದೇವರಿಗೆ ಮೊರೆಯಿಡುತ್ತಾನೆ, ಬುದ್ಧಿ ಮರಳುತ್ತದೆ, ಬಂದಿಗಳು ಬಿಡುಗಡೆ ಹೊಂದುತ್ತಾರೆ, ಅಬಿಗೈಲೆ ವಿಷ ಕುಡಿದು ಸಾಯುತ್ತಾಳೆ. ಮೊದಲ ಪ್ರದರ್ಶನದಲ್ಲಿ ಈ ಕಡುಕಷ್ಟದ ಪಾತ್ರ ಹಾಡಿದ ಜುಸೆಪ್ಪಿನಾ ಸ್ತ್ರೆಪ್ಪೋನಿಯೇ ಮುಂದೆ, ೧೮೫೯ರಲ್ಲಿ, ವೆರ್ದಿಯ ಕೈಹಿಡಿದವಳು.

ಚರಿತ್ರೆಯ ಅರಸನಿಗೆ ಇಂಥ ಪಶ್ಚಾತ್ತಾಪವೇನೂ ಆದಂತಿಲ್ಲ. ಕ್ರಿ. ಪೂ. ೬೦೫ರಿಂದ ೫೬೨ರವರೆಗೆ ಆಳಿ ಪಟ್ಟದ ಮೇಲೆಯೇ ಸತ್ತ. ೫೯೭ರಲ್ಲಿ ಯೆರೂಸಲೇಮನ್ನು ಹಿಡಿದು ಅರಸನನ್ನು ಸೆರೆ ಒಯ್ದ. ಹತ್ತು ವರ್ಷದ ಮೇಲೆ ಮತ್ತೆ ಬಂದ ಅವನ ಸೈನ್ಯ ದೇವಾಲಯವನ್ನು ಸುಟ್ಟಿತು. ಯೆಹೂದ್ಯರಿಗೆ ಊರಿಗೆ ಮರಳಲು ಅಪ್ಪಣೆ ದೊರೆತದ್ದು ಬ್ಯಾಬಿಲೋನನ್ನು ೫೩೯ರಲ್ಲಿ ಗೆದ್ದ ಪಾರಸಿಕ ದೊರೆ ಸೈರಸನಿಂದ.

ಮರುಳಿನ ಮಾತೋ? ಅದು ಬೈಬಲಿನ ದಾನಿಯೇಲನ ಗ್ರಂಥದಿಂದ ಬಂದದ್ದು. ಅಲ್ಲಿ ಅರಸ ಏಳು ಕಾಲ ದನದಂತೆ ಹುಲ್ಲು ಮೇಯುತ್ತಾನೆ. ಮೃತ ಸಮುದ್ರದ ದಡದ ಗವಿಯೊಂದರಲ್ಲಿ ಸಿಕ್ಕ ಅರಾಮಿಕ್ ಭಾಷೆಯ ಚರ್ಮದ ಚೂರುಗಳು ೧೯೫೬ರಲ್ಲಿ ಪ್ರಕಟವಾದುವು. ಅವುಗಳಲ್ಲಿಯೂ ಇಂಥದೇ ಕಥೆ: ಬ್ಯಾಬಿಲೋನಿನ ಅರಸ ಏಳು ವರ್ಷ ಕೆಟ್ಟ ರೋಗದಿಂದ ನರಳುತ್ತಾನೆ; ಯೆಹೂದ್ಯನೊಬ್ಬ ಅವನನ್ನು ಸನ್ಮಾರ್ಗಕ್ಕೆ ತರುತ್ತಾನೆ. ಆದರೆ ಆ ಅರಸನ ಹೆಸರು ನಬೊನಿಡಸ್. ಈತ ಬ್ಯಾಬಿಲೋನಿನ ಕಡೆಯ ದೊರೆ. ರಾಜಧಾನಿಯನ್ನು ಮಗನ ಕೈಗೆ ಬಿಟ್ಟು ಹತ್ತು ವರ್ಷ ಅರೇಬಿಯದ ತೇಮಾ ಎಂಬ ಊರಿನಲ್ಲಿ ಹೋಗಿ ಕುಳಿತ. ಇವನನ್ನು ಕುರಿತು ಹುಟ್ಟಿದ ಕಥೆಯೇ ಕಾಲಾಂತರದಲ್ಲಿ ದೇವಾಲಯವನ್ನು ಸುಟ್ಟ ಖ್ಯಾತ ವೈರಿಯ ತಲೆಗೆ ಏರಿತೆಂದು ಅನೇಕ ವಿದ್ವಾಂಸರು ನಂಬುತ್ತಾರೆ. ನನಗೂ ಅದು ಸರಿಯೆಂದೇ ತೋರುತ್ತದೆ. ದೇವಸ್ತುತಿಯ ಚಪ್ಪಾಳೆ ಬಂದಿಗಳ ಹಾಡಿಗೆ ಹೋದಂತೆ ನಬೊನಿಡಸನ ರೋಗ ನೆಬೂಕದ್ನೆಚ್ಚರನಿಗೆ ಹೋಯಿತು.

ಬಂದಿಗಳು? ಅವರನ್ನು ಕುರಿತು ಜೇಡಿಮಣ್ಣಿನ ಹಲಗೆಗಳು ಸಾಕ್ಷಿ ಹೇಳುತ್ತವೆ. ಬ್ಯಾಬಿಲೋನಿನ ಅರಮನೆಯ ಅವಶೇಷಗಳಲ್ಲಿ ಜರ್ಮನರು ಅಗೆದು ತೆಗೆದ ಉಗ್ರಾಣದ ಲೆಕ್ಕಪತ್ರಗಳು ೧೯೩೯ರಲ್ಲಿ ಬೆಳಕು ಕಂಡುವು. ಯಾರಿಗೆ ಎಷ್ಟು ಎಣ್ಣೆ ಅಳೆದು ಕೊಟ್ಟರೆಂಬ ಆ ಪಟ್ಟಿಯಲ್ಲಿ ಯೆಹೂದದ ಅರಸ ಯೆಹೋಯಾಖೀನನೂ ಅವನ ಐವರು ಗಂಡುಮಕ್ಕಳೂ ಇದ್ದಾರೆ. ಸೆರೆಯಲ್ಲಿದ್ದವನನ್ನು ಉಗ್ರಾಣದ ಗುಮಾಸ್ತ ಅರಸನೆಂದೇ ಬರೆದಿದ್ದಾನೆ. ಸಾಮಾನ್ಯರ ಹಲಗೆಗಳು ಇನ್ನೂ ಈಚಿನವು. ದೊಡ್ಡದೊಂದು ಸಂಗ್ರಹ ೨೦೧೪ರಲ್ಲಿ ಪ್ರಕಟವಾಯಿತು. ಕಾಲುವೆಗಳ ನಾಡಿನಲ್ಲಿ ‘ಯೆಹೂದದ ಊರು’ ಎಂಬರ್ಥದ ಹೆಸರಿನ ಒಂದು ಹಳ್ಳಿ. ಜವೆಗೋದಿ, ಖರ್ಜೂರ, ಗುತ್ತಿಗೆ, ಸಾಲ, ತೆರಿಗೆ. ಸಾಕ್ಷಿದಾರರಲ್ಲಿ ಯೆಹೋವನ ಹೆಸರು ಹೊತ್ತ ಜನ. ಇವುಗಳಲ್ಲಿ ಹಳೆಯದು ಕ್ರಿ. ಪೂ. ೫೭೨ರದು. ನೆಬೂಕದ್ನೆಚ್ಚರ ಇನ್ನೂ ಬದುಕಿದ್ದ. ಕಡೆಯದು ೪೭೭ರದು, ಸೈರಸನ ಅಪ್ಪಣೆ ಬಂದು ಅರುವತ್ತು ವರ್ಷ ಕಳೆದರೂ ಊರಿಗೆ ಹೋಗದೆ ಅಲ್ಲಿಯೇ ಉಳಿದವರು ಇನ್ನೂ ಗೇಣಿ ಅಳೆಯುತ್ತಿದ್ದರು.